ದೊಡ್ಡಮಾದಮ್ಮನ ಅರಿಶಿನದ ಕೊಂಬು

ನಾನು ಈ ಆಸ್ಪತ್ರೆಗೆ ಸೇರಿದ ಮೊದಲ ದಿನವೇ ದೊಡ್ಡಮಾದಮ್ಮನ ಕೈಲಿ ಬೈಸಿಕೊಂಡೆ. ಆಪರೇಷನ್ ಥಿಯೇಟರಿನ ಬಾಗಿಲ ಮುಂದೆ ನೆಲದ ಮೇಲೆ ಒಂದು ಕೆಂಪು ಗೆರೆ ಎಳೆದಿದ್ದಾರೆ. ಹೊರಗಿನ ಚಪ್ಪಲಿ ಅದರಾಚೆ ಬರಬಾರದು. ಗಾಬರಿಯಲ್ಲಿ ನಾನು ಹಾಗೇ ನುಗ್ಗಿದೆ. ಅವಳು ಮಾಪಿನ ಕೋಲನ್ನು ಅಡ್ಡ ಹಿಡಿದು ನಿಂತಳು. ನಾನು ಸ್ಟಾಫ್ ನರ್ಸ್ ಎಂದೆ. ನರ್ಸಾದರೆ ಕಾಲಿಗೆ ಮಣ್ಣು ಅಂಟುವುದಿಲ್ಲವಾ ಎಂದು ಕೇಳಿದಳು. ಮೈಯೆಲ್ಲ ಉರಿದುಹೋಯಿತು. ಆದರೂ ಹಿಂದಕ್ಕೆ ಹೋಗಿ ಚಪ್ಪಲಿ ಬಿಟ್ಟು ಬಂದೆ.

ನಾನು ರತ್ನ, ಯಳಂದೂರು ತಾಲ್ಲೂಕಿನ ಅಗರದವಳು. ದೊಡ್ಡಮಾದಮ್ಮ ಹನೂರಿನಿಂದಾಚೆ, ಮಾದಪ್ಪನ ಬೆಟ್ಟದ ದಾರಿಯಲ್ಲಿರುವ ಕೌದಳ್ಳಿಯವಳು. ನನ್ನ ಅವ್ವನ ವಯಸ್ಸು. ಥಿಯೇಟರಿನ ಆಯಾ ಅಂತ ಅವಳ ಗುರುತಿನ ಚೀಟಿಯಲ್ಲಿ ಬರೆದಿದೆ. ಅವಳನ್ನು ನಾನು ಏಕವಚನದಲ್ಲಿ ಬರೆಯುತ್ತಿರುವುದಕ್ಕೆ ಯಾರೂ ತಪ್ಪು ತಿಳಿಯಬೇಡಿ, ನಮ್ಮ ಕಡೆ ಅವ್ವನನ್ನು 'ನೀವು' ಅನ್ನುವ ಪದ್ಧತಿ ಇಲ್ಲ.

ಕೊಳ್ಳೇಗಾಲದ ಅಂಚಿನಲ್ಲಿರುವ ನಮ್ಮ ಆಸ್ಪತ್ರೆ ದೊಡ್ಡದು. ಎಷ್ಟು ದೊಡ್ಡದೆಂದರೆ ಹೊಸಬರು ಎಕ್ಸ್‌ರೇ ಕೋಣೆ ಹುಡುಕುತ್ತಾ ಅಡುಗೆಮನೆಗೆ ಹೋಗಿ ನಿಲ್ಲುತ್ತಾರೆ. ಹನೂರು ಕಡೆಯವರು, ಬಿಳಿಗಿರಿ ಕಾಡಿನ ಪೋಡು ಎಂಬ ಹಾಡಿಗಳವರು, ಗಡಿಯಾಚೆಯ ತಮಿಳಿನವರು ಎಲ್ಲ ಇಲ್ಲಿಗೇ ಬರಬೇಕು. ಬೆಳಗ್ಗೆ ಡ್ಯೂಟಿಗೆ ನಿಂತರೆ ಕಾಲು ನೋಯುತ್ತಿದೆ ಅಂತ ಗೊತ್ತಾಗುವುದು ಮನೆಗೆ ಹೋಗಿ ಕೂತ ಮೇಲೆಯೇ. ಒಂದು ಕೇಸು ಮುಗಿದು ನೆಲ ಒರೆಸುವಷ್ಟರಲ್ಲಿ ಇನ್ನೊಂದು ಟ್ರಾಲಿ ಗೆರೆಯ ಹತ್ತಿರ ಬಂದು ನಿಂತಿರುತ್ತದೆ. ಅದರ ಹಿಂದೆ ಅಳುವ ಮನೆಯವರು, ಅವರ ಕೈಲಿ ಫ್ಲಾಸ್ಕು, ಬಟ್ಟೆ ಗಂಟು, ಬೆಟ್ಟದ ವಿಭೂತಿ. ಇವರೆಲ್ಲರನ್ನೂ ಸಂಭಾಳಿಸುವ ಕೆಲಸ ದೊಡ್ಡಮಾದಮ್ಮನದು. ಬೆಟ್ಟದಿಂದ ಇಳಿಯುವ ಮೊದಲ ಬಸ್ಸಿನಲ್ಲಿ, ಮುಡಿ ಕೊಟ್ಟು ಬಂದ ಬೋಳು ತಲೆಗಳ ಮಧ್ಯೆ ನಿಂತುಕೊಂಡೇ ಬರುತ್ತಾಳೆ. ಇಳಿದವಳು ನೇರವಾಗಿ ಹಸಿರು ಬಟ್ಟೆಗೆ ಬದಲಾಯಿಸಿ ಕೆಲಸ ಹಿಡಿಯುತ್ತಾಳೆ.

ಅವಳು ಇಲ್ಲಿಗೆ ಬಂದ ಕತೆ ಎಲ್ಲರಿಗೂ ಗೊತ್ತು, ಅವಳೇ ಹೇಳಿಕೊಂಡಿದ್ದಾಳೆ. ಗಂಡ ಮಾರಯ್ಯ ತೆಂಗಿನಕಾಯಿ ಕೀಳುವವನು. ಮರದಿಂದ ಬಿದ್ದ. ಇದೇ ಆಸ್ಪತ್ರೆಗೆ ತಂದರು, ಎರಡನೇ ಮಹಡಿಯಲ್ಲಿ ತೀರಿಕೊಂಡ. ಊರಲ್ಲಿ ಶಾಸ್ತ್ರಕ್ಕೆ ಹೆಂಗಸರು ಬಂದು ಸುತ್ತ ಕೂತಾಗ, ಅವರು ಕೈ ಚಾಚುವುದಕ್ಕೆ ಮೊದಲೇ ತನ್ನ ತಾಳಿಯನ್ನು ತಾನೇ ಬಿಚ್ಚಿ ಮಡಿಲಿಗೆ ಹಾಕಿಕೊಂಡಳಂತೆ. ಕಟ್ಟಿದವನೇ ಹೋದ ಮೇಲೆ ಬಿಚ್ಚುವುದಕ್ಕೆ ಬೇರೆಯವರ ಕೈ ಯಾಕೆ ಎಂದಳಂತೆ. ಕೆಲವೇ ತಿಂಗಳಲ್ಲಿ ಇಲ್ಲಿ ಕೆಲಸ ಕೇಳಲು ಹೊರಟಾಗ ಗಂಡ ಸತ್ತ ಜಾಗಕ್ಕೇ ಹೋಗುತ್ತೀಯಲ್ಲೇ ಎಂದು ಅತ್ತಿಗೆ ನಾದಿನಿಯರು ಮೂಗು ಮುರಿದರು. ಅವನನ್ನು ಉಳಿಸುವುದಕ್ಕೆ ಅಲ್ಲಿಯವರು ಓಡಾಡಿದ್ದನ್ನು ಕಣ್ಣಾರೆ ಕಂಡಿದ್ದೇನೆ, ನಾಲ್ಕು ಜನಕ್ಕೆ ನಾನೂ ಓಡಾಡುತ್ತೇನೆ ಎಂದು ಬಸ್ಸು ಹತ್ತಿದಳು.

ಈಗ ಅರಿಶಿನದ ಕೊಂಬಿನ ವಿಷಯ ಹೇಳಬೇಕು. ಥಿಯೇಟರಿನ ಒಳಗೆ ರೋಗಿಯ ಮೈಮೇಲೆ ಲೋಹದ ಚೂರೂ ಇರಬಾರದು. ಕರೆಂಟಿನ ಕತ್ತರಿ ಬಳಸುವಾಗ ಸುಟ್ಟೀತು ಎಂಬ ಭಯ. ಬಳೆ, ಮೂಗುಬೊಟ್ಟು, ಕಾಲುಂಗುರ ಹೇಗೋ ಬಿಚ್ಚುತ್ತಾರೆ. ತಾಳಿ ಎಂದ ಕೂಡಲೇ ಗಲಾಟೆ ಶುರು. ಹಿಂದೆ ಒಬ್ಬ ಮಹಾತಾಯಿ ತಾಳಿಯ ಬೊಟ್ಟನ್ನು ಬಿಚ್ಚಿ ದವಡೆಯಲ್ಲಿ ಒತ್ತರಿಸಿಕೊಂಡು ಬಾಯಿ ಮುಚ್ಚಿ ಮಲಗಿದ್ದಳು. ಮಂಪರು ಬರಿಸುವ ಮೊದಲು ಅದು ಕಣ್ಣಿಗೆ ಬಿತ್ತು, ಇಲ್ಲದಿದ್ದರೆ ಉಸಿರಿಗೇ ಅಡ್ಡವಾಗುತ್ತಿತ್ತು. ಅದಕ್ಕೇ ಇಲ್ಲೊಂದು ಪದ್ಧತಿ ಬಂತು. ಗೆರೆಯ ಹತ್ತಿರ ತಾಳಿ ಬಿಚ್ಚಿ ಮನೆಯವರ ಕೈಗೆ ಕೊಡುವುದು, ಅದರ ಜಾಗಕ್ಕೆ ಅರಿಶಿನ ಹಚ್ಚಿದ ದಾರದಲ್ಲಿ ಒಂದು ಅರಿಶಿನದ ಕೊಂಬು ಕಟ್ಟುವುದು. ಕತ್ತು ಬರಿದಾಗಲಿಲ್ಲ ಎಂಬ ಸಮಾಧಾನದಲ್ಲಿ ಹೆಂಗಸರು ಒಳಗೆ ಬರುತ್ತಾರೆ.

ಆ ಕೊಂಬುಗಳನ್ನು ತರುತ್ತಿದ್ದವಳು ದೊಡ್ಡಮಾದಮ್ಮ. ಕೌದಳ್ಳಿಯ ಮನೆಯ ಹಿತ್ತಲಲ್ಲಿ ಅವಳೇ ಅರಿಶಿನ ಹಾಕುತ್ತಾಳೆ. ಕಿತ್ತು, ಬೇಯಿಸಿ, ಒಣಗಿಸಿ, ದಾರಕ್ಕೆ ಪೋಣಿಸಿ ಡಬ್ಬಿಯಲ್ಲಿಟ್ಟು ತರುತ್ತಾಳೆ. ಆದರೆ ಕಟ್ಟುವಾಗ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿದವರಲ್ಲ. ದೊಡ್ಡಮಾದಮ್ಮ ನೀನು ಟ್ರಾಲಿ ಹಿಡಿ, ದೊಡ್ಡಮಾದಮ್ಮ ಆ ಬಕೆಟ್ಟು ತಾ ಎನ್ನುವರು, ಅಷ್ಟರಲ್ಲಿ ಗಂಡನಿರುವ ಇನ್ನೊಬ್ಬಳು ಕಟ್ಟಿ ಮುಗಿಸುವಳು. ಅವಳಿಗೆ ಅದು ತಿಳಿಯುತ್ತಿರಲಿಲ್ಲವೆ? ತಿಳಿಯುತ್ತಿತ್ತು. ಆ ಹೊತ್ತಿನಲ್ಲಿ ಅವಳು ಬಕೆಟ್ಟನ್ನು ನೆಲಕ್ಕೆ ಕುಕ್ಕುತ್ತಿದ್ದ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಥಿಯೇಟರಿನ ಎಲ್ಲ ಕೆಲಸ ನನಗೆ ಬರುತ್ತದೆ, ಒಂದನ್ನು ಮಾತ್ರ ಕಿತ್ತುಕೊಂಡಿದ್ದೀರಿ ಎಂದು ಒಮ್ಮೆ ನನ್ನೆದುರು ಅಂದಿದ್ದಳು.

ಸಂಕ್ರಾಂತಿ ಕಳೆದು ಅರಿಶಿನ ಕೀಳುವ ಕಾಲ. ಮಧುವನಹಳ್ಳಿಯಿಂದ ಪುಷ್ಪ ಎಂಬ ಹುಡುಗಿಯನ್ನು ಚೊಚ್ಚಲ ಹೆರಿಗೆಗೆ ತಂದಿದ್ದರು. ಬೆಳಗ್ಗೆಯೆಲ್ಲ ನೋವು ತಿಂದರೂ ಹೆರಿಗೆ ಆಗಲಿಲ್ಲ, ಮಗುವಿನ ಎದೆಬಡಿತ ಇಳಿಯತೊಡಗಿತು. ಕೂಡಲೇ ಸಿಸೇರಿಯನ್ ಆಗಬೇಕು ಎಂದರು ಡಾಕ್ಟರಮ್ಮ. ಗಂಡ ರಕ್ತ ತರಲು ಚಾಮರಾಜನಗರಕ್ಕೆ ಹೋಗಿದ್ದ. ಜೊತೆಗಿದ್ದವಳು ಅತ್ತೆ ರಾಮಮ್ಮ. ಹೊಲದಲ್ಲಿ ಅರಿಶಿನ ಕೀಳುತ್ತಿದ್ದವಳು ಹಾಗೇ ಓಡಿಬಂದಿದ್ದಳು, ಕೈಕಾಲು ಸರಿಯಾಗಿ ತೊಳೆದಿರಲಿಲ್ಲ.

ಅವತ್ತು ಉಳಿದೆರಡು ಥಿಯೇಟರಿನಲ್ಲೂ ಕೇಸು ನಡೆಯುತ್ತಿತ್ತು, ಕೊಂಬು ಕಟ್ಟುವವರೆಲ್ಲ ಒಳಗೆ ಸಿಕ್ಕಿಬಿದ್ದಿದ್ದರು. ಟ್ರಾಲಿ ತಂದ ವಾರ್ಡಿನ ಹುಡುಗಿ ಮಕ್ಕಳ ಡಾಕ್ಟರನ್ನು ಕರೆಯಲು ಓಡಿದಳು. ನಾನು ಆಗಲೇ ಕೈ ತೊಳೆದು ಗೌನು, ಗ್ಲೌಸು ಹಾಕಿ ಸಿದ್ಧವಾಗಿದ್ದೆ. ಹಾಗೆ ತೊಳೆದ ಕೈಯಲ್ಲಿ ಏನನ್ನೂ ಮುಟ್ಟುವಂತಿಲ್ಲ. ಬಾಗಿಲಲ್ಲಿ ಎರಡೂ ಕೈ ಎತ್ತಿಕೊಂಡು ನಿಂತು ನೋಡುವುದಷ್ಟೇ ನನ್ನ ಪಾಲಿಗೆ ಬಂತು.

ದೊಡ್ಡಮಾದಮ್ಮ ಡಬ್ಬಿ ತೆಗೆದು ಪುಷ್ಪಳ ಕತ್ತಿಗೆ ಕೈ ಹಾಕಿದಳು. ರಾಮಮ್ಮ ಅವಳ ಮುಂಗೈ ಹಿಡಿದುಕೊಂಡಳು.

"ತಡಿಯವ್ವ. ನಿಂಗ ಗಂಡ ಅವ್ನಾ?"

ಇಲ್ಲಿ ಒಂದು ಮಾತು ಹೇಳಬೇಕು. ಥಿಯೇಟರಿನ ಬಟ್ಟೆಯಲ್ಲಿ ನಾವೆಲ್ಲರೂ ಒಂದೇ. ಯಾರಿಗೂ ಬಳೆಯಿಲ್ಲ, ಸರವಿಲ್ಲ, ಹಣೆಯ ಮೇಲೆ ಟೋಪಿ. ದೊಡ್ಡಮಾದಮ್ಮ 'ಅವ್ನೆ' ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಹೇಳು, ಹೇಳು ಎಂದು ನನ್ನ ಮನಸ್ಸು ಬಡಿದುಕೊಳ್ಳುತ್ತಿತ್ತು.

"ಇಲ್ಲ ಕಣವ್ವ. ಸತ್ತೋದ" ಎಂದಳು.

ಹಾಗಾದರೆ ನೀನು ಮುಟ್ಟಬೇಡ, ಬೇರೆಯವರನ್ನು ಕರಿ ಎಂದಳು ರಾಮಮ್ಮ. ಅದನ್ನು ಕೇಳಿದ್ದೇ ಪುಷ್ಪ ಎರಡೂ ಕೈಲಿ ತಾಳಿಯನ್ನು ಅವಚಿ ಹಿಡಿದು ಮುದುರಿಕೊಂಡಳು. ಬೆನ್ನಿಗೆ ಸೂಜಿ ಕೊಡಬೇಕಾದರೆ ಅವಳು ಅಲುಗದೆ ಬಗ್ಗಿ ಕೂರಬೇಕು. ಇವಳು ಗಡಗಡ ನಡುಗುತ್ತಿದ್ದಳು. ಒಳಗಿನಿಂದ ಡಾಕ್ಟರಮ್ಮ ಎಷ್ಟು ಹೊತ್ತು ಎಂದು ಕೂಗಿದರು. ನನಗೆ ರಾಮಮ್ಮನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ದೊಡ್ಡಮಾದಮ್ಮನ ಮೇಲೆ ಅದಕ್ಕಿಂತ ಹೆಚ್ಚು. ಒಂದು ಸುಳ್ಳು ಹೇಳಿದ್ದರೆ ಇವಳ ಗಂಟೇನು ಹೋಗುತ್ತಿತ್ತು? ಒಳಗೊಂದು ಜೀವ ಸೋಲುತ್ತಿದೆ.

ದೊಡ್ಡಮಾದಮ್ಮ ಬೇಡಿಕೊಳ್ಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಹಿಡಿಸಿಕೊಂಡ ಕೈಯನ್ನು ಬಿಡಿಸಿಕೊಳ್ಳಲೂ ಇಲ್ಲ. ಆ ಕೈಯಲ್ಲೇ ಕೊಂಬನ್ನು ರಾಮಮ್ಮನ ಕಣ್ಣಿನ ಮಟ್ಟಕ್ಕೆ ಹಿಡಿದಳು.

"ಬ್ಯಾರೇರ್ನ ಕರ್ಯಾಕ ಇಲ್ಲಿ ಯಾರೂ ಇಲ್ಲ. ಕೇಳವ್ವ. ಈ ಅರ್ಸಿನ ನೆಟ್ಟೋಳು ನಾನು, ಕಿತ್ತೋಳು ನಾನು, ಬೇಯ್ಸಿ ಒಣಗ್ಸಿದೋಳು ನಾನು. ಇಲ್ಲಿಗ ಬಂದ ಎಣ್ಮಕ್ಕಳೆಲ್ಲ ಇದ್ನೇ ಕಟ್ಕಂಡು ಒಳಕ್ಕೋಗಿ, ಗಂಡನ ಜೊತ ಮನಗ ಓಗವ್ರ. ನಿನ್ನ ಕತ್ತೂ ನೋಡ್ದೆ, ನೀನೂ ನನ್ನಂಗೇ. ನಿನ್ನ ಮಗನ್ಗ ತುತ್ತು ಇಕ್ಕಿ ಸಾಕಿದ್ದು ಯಾವ ಕೈಯವ್ವ?"

ರಾಮಮ್ಮ ಹಿಡಿದ ಕೈಯನ್ನೇ ನೋಡಿದಳು. ಹೊಲದಿಂದ ಎದ್ದು ಬಂದ ಅವಳ ಉಗುರು, ಬೆರಳ ಸಂದು ಎಲ್ಲ ಹಳದಿಯಾಗಿತ್ತು. ದೊಡ್ಡಮಾದಮ್ಮನ ಬೆರಳೂ ಹಾಗೇ ಇತ್ತು, ಆಸ್ಪತ್ರೆಯ ಸೋಪಿಗೂ ಹೋಗದ ಬಣ್ಣ ಅದು. ಎರಡು ಕೈಗೂ ಏನೂ ವ್ಯತ್ಯಾಸ ಇರಲಿಲ್ಲ.

ದೊಡ್ಡಮಾದಮ್ಮ ಹುಡುಗಿಯ ಕಡೆ ತಿರುಗಿದಳು. ಅವಳ ದನಿ ಮೆತ್ತಗಾಗಲಿಲ್ಲ, ಆದರೆ ಸಿಟ್ಟೂ ಇರಲಿಲ್ಲ.

"ಪುಷ್ಪ, ನಾವಿಬ್ರೂ ಏಳದು ಇರ್ಲಿ. ಕತ್ತು ನಿಂದು, ತಾಳಿ ನಿಂದು, ಒಟ್ಟೇಲಿರ ಮಗ ನಿಂದು. ಕಟ್ಲಾ, ಬ್ಯಾಡ್ವಾ?"

ಪುಷ್ಪ ಅತ್ತೆಯ ಮುಖ ನೋಡಿದಳು. ಆಮೇಲೆ ಒಂದೊಂದೇ ಬೆರಳು ಸಡಿಲಿಸಿ ತಾಳಿ ಬಿಟ್ಟಳು. "ಬ್ಯಾಗ ಕಟ್ಟವ್ವ" ಎಂದಳು.

ದಾರ ಹಿಂದಕ್ಕೆ ಸುತ್ತುವಾಗ ಜಡೆ ಅಡ್ಡ ಬಂತು. ಅದನ್ನು ಎತ್ತಿ ಹಿಡಿದವಳು ರಾಮಮ್ಮ. ಗಂಟು ಬೀಳುವವರೆಗೂ ಹಿಡಿದೇ ಇದ್ದಳು. ಬಿಚ್ಚಿದ ತಾಳಿಯನ್ನು ದೊಡ್ಡಮಾದಮ್ಮ ಅವಳ ಸೆರಗಿನಲ್ಲಿ ಗಂಟು ಹಾಕಿ, ಟ್ರಾಲಿಯನ್ನು ಗೆರೆಯಿಂದ ಒಳಕ್ಕೆ ತಳ್ಳಿದಳು.

ಮಗು ಹೊರಗೆ ಬಂದಾಗ ಅಳಲಿಲ್ಲ. ಮೈ ನೀಲಿಗಟ್ಟಿತ್ತು. ಮಕ್ಕಳ ಡಾಕ್ಟರು ಬೆನ್ನುಜ್ಜಿ, ಮೂಗು ಬಾಯಿ ಚೊಕ್ಕ ಮಾಡಿ, ಗಾಳಿ ಕೊಟ್ಟರು. ನಾನು ಕೈಗೆ ಕೇಳಿದ್ದನ್ನು ಕೊಡುತ್ತಿದ್ದೆನೇ ಹೊರತು ನನ್ನ ಕಿವಿಯೆಲ್ಲ ಆ ಮೂಲೆಯಲ್ಲಿತ್ತು. ಇದಕ್ಕೆ ಏನಾದರೂ ಆದರೆ ಅದು ದೊಡ್ಡಮಾದಮ್ಮನ ತಲೆಗೇ ಸುತ್ತಿಕೊಳ್ಳುತ್ತದೆ, ರಾಮಮ್ಮ ಬಿಟ್ಟರೂ ಊರು ಬಿಡುವುದಿಲ್ಲ ಎಂದುಕೊಳ್ಳುತ್ತಿದ್ದೆ. ದೊಡ್ಡಮಾದಮ್ಮ ಗೋಡೆಗೆ ಒರಗದೆ, ಮಗುವಿನ ಮೇಲಿಟ್ಟ ಕಣ್ಣು ತೆಗೆಯದೆ ನಿಂತಿದ್ದಳು. ಕೊನೆಗೆ ಅದು ಒಮ್ಮೆ ಬಿಕ್ಕಿತು, ಆಮೇಲೆ ಕಿರುಚಿಕೊಂಡಿತು. ಹೆಣ್ಣು ಮಗು. ಮಾಸ್ಕಿನೊಳಗೆ ನಾನು ಅತ್ತುಬಿಟ್ಟೆ. ದೊಡ್ಡಮಾದಮ್ಮ ಬಕೆಟ್ಟು ಎತ್ತಿಕೊಂಡು ನೆಲ ಒರೆಸಲು ಹೋದಳು.

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಕೂತಾಗ ಅವಳನ್ನು ಹಿಡಿದುಕೊಂಡೆ. ಗಂಡ ಇದ್ದಾನೆ ಅಂದಿದ್ದರೆ ಏನಾಗುತ್ತಿತ್ತು, ನಿನ್ನ ಹಟಕ್ಕೆ ಮಗು ಹೋಗಿದ್ದರೆ ಎಂದು ಚೆನ್ನಾಗಿಯೇ ಬೈದೆ. ಅವಳು ಮುದ್ದೆ ಮುರಿಯುತ್ತಾ ಪೂರ್ತಿ ಕೇಳಿಸಿಕೊಂಡಳು.

"ಇವತ್ತು ಸುಳ್ಳೇಳಿದ್ರ ನಾಳಕೂ ಸುಳ್ಳೇ ಏಳ್ಬೇಕು ಸಿಸ್ಟ್ರೇ. ನಾನು ಬೆಳ್ದಿರ ಅರ್ಸಿನ ನಾನೇ ಕದ್ದು ಕಟ್ಬೇಕಾ? ನಂಗೂ ಎದ್ರಿಕ ಆಯ್ತು, ಇಲ್ಲ ಅನ್ನಕಿಲ್ಲ. ಆದ್ರ ಸತ್ತೋನ್ನ ಬದುಕವ್ನೆ ಅಂತ ನಂಗ ಏಳಕ್ಕಾಗಲ್ಲ."

ನಾನು ಅವಳ ಡಬ್ಬಿಯಿಂದ ಒಂದಿಷ್ಟು ಉಪ್ಸಾರು ಹಾಕಿಸಿಕೊಂಡು ಉಂಡೆ.

ಪುಷ್ಪಳನ್ನು ಮನೆಗೆ ಕಳಿಸುವ ದಿನ ನಾನು ವಾರ್ಡಿನ ಕಡೆ ಹೋಗಿದ್ದೆ. ಮಗುವಿಗೆ ಟೋಪಿ ಹಾಕಿ ಸುತ್ತಿದ್ದರು, ಹೊರಗೆ ಆಟೋದವನು ಹಾರ್ನು ಹೊಡೆಯುತ್ತಿದ್ದ. ಗಂಡ ನಾಗರಾಜು ಚೀಲಗಳನ್ನೆಲ್ಲ ಆಗಲೇ ಇಳಿಸಿಬಂದಿದ್ದ. ಆದರೆ ಪುಷ್ಪ ಇನ್ನೂ ಅರಿಶಿನದ ದಾರದಲ್ಲೇ ಮಂಚದ ಮೇಲೆ ಕೂತಿದ್ದಾಳೆ, ರಾಮಮ್ಮ ಸೆರಗಿನ ಗಂಟು ಹಿಡಿದುಕೊಂಡು ಬಾಗಿಲು ನೋಡುತ್ತಿದ್ದಾಳೆ. ತಾಳಿ ಕಟ್ಟುವುದಕ್ಕೆ ಯಾರೂ ಸಿಕ್ಕಿಲ್ಲವೇನೋ ಎಂದುಕೊಂಡು ನಾನೇ ಮುಂದೆ ಹೋದೆ. ನನಗೆ ಗಂಡ ಇದ್ದಾನೆ, ಅತ್ತೆ ಮಾವ ಇದ್ದಾರೆ, ವಾರ್ಡಿಗೆ ಬಂದಿದ್ದರಿಂದ ಕೈತುಂಬ ಬಳೆಯೂ ಇತ್ತು. ರಾಮಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ನೀನು ಬೇಡ ಕಣವ್ವ, ಅವಳು ಬರಲಿ ಎಂದಳು. ನಾಗರಾಜು ಹೊತ್ತಾಗುತ್ತೆ ಎಂದು ಗೊಣಗಿದ, ಅವಳು ಜಪ್ಪಯ್ಯ ಅನ್ನಲಿಲ್ಲ.

ದೊಡ್ಡಮಾದಮ್ಮ ಒಂದು ಉದ್ದನೆಯ ಕೇಸಿನಲ್ಲಿದ್ದಳು. ಅದು ಮುಗಿಯುವವರೆಗೆ ಅವರು ಕಾದರು, ಆಟೋದವನು ಬೈದುಕೊಂಡು ಹೊರಟುಹೋದ. ಸುದ್ದಿ ತಿಳಿದು ಅವಳು ಹಸಿರು ಬಟ್ಟೆಯಲ್ಲೇ ಮೆಟ್ಟಿಲಿಳಿದು ಬಂದಳು. ಅಷ್ಟು ಹೊತ್ತಿಗೆ ಇಡೀ ವಾರ್ಡಿನ ಹೆಂಗಸರು ಮಂಚಗಳಿಂದ ಎದ್ದು ಕೂತು ನೋಡುತ್ತಿದ್ದರು. ರಾಮಮ್ಮ ಗಂಟು ಬಿಚ್ಚಿ ತಾಳಿಯನ್ನು ಅವಳ ಮುಂದೆ ಹಿಡಿದಳು. ದೊಡ್ಡಮಾದಮ್ಮ ಕೂಡಲೇ ತೆಗೆದುಕೊಳ್ಳಲಿಲ್ಲ. ಕೊನೆಯ ಮಂಚದವರಿಗೂ ಕೇಳುವಷ್ಟು ಗಟ್ಟಿಯಾಗಿ ಕೇಳಿದಳು.

"ನಾನು ಗಂಡ ಸತ್ತೋಳು ಕಣವ್ವ. ಗೊತ್ತಲ್ಲ?"

"ಗೊತ್ತು" ಎಂದಳು ರಾಮಮ್ಮ. "ಕಟ್ಟು."

ಅವಳು ಕಟ್ಟಿದಳು. ಈ ಸಲವೂ ಜಡೆ ಎತ್ತಿ ಹಿಡಿದವಳು ರಾಮಮ್ಮನೇ. ಆ ದಿನದಿಂದ ಕೆಂಪು ಗೆರೆಯ ಹತ್ತಿರ ಟ್ರಾಲಿ ಬಂದಾಗ, ದೊಡ್ಡಮಾದಮ್ಮ ಬಕೆಟ್ಟನ್ನು ನಮ್ಮ ಕೈಗೆ ಕೊಟ್ಟು ಡಬ್ಬಿ ತೆಗೆಯುತ್ತಾಳೆ.