ನಾನು ಒಂದು ವಾರ ಮೋಟರ್ ಆಗಿದ್ದೆ

ಹೊಸ ಸಿಮ್ ತಗೊಂಡ ಮರುದಿನವೇ ಶುರುವಾಯಿತು. ಬೆಳಿಗ್ಗೆ ಆರಕ್ಕೆ ಗೊತ್ತಿಲ್ಲದ ನಂಬರಿನಿಂದ ಕಾಲ್. ಎರಡೇ ರಿಂಗ್, ಎತ್ತುವಷ್ಟರಲ್ಲಿ ಕಟ್.

ಮರುದಿನವೂ ಅದೇ... ಆರು ಗಂಟೆ, ಎರಡು ರಿಂಗ್, ಕಟ್.

ಹೊಸಪೇಟೆಯಲ್ಲಿ ಮದುವೆಯಾದ ಹೆಣ್ಣಿನ ಫೋನಿಗೆ ದಿನಾ ಮಿಸ್ಡ್ ಕಾಲ್ ಬಂದರೆ ಮನೆಯವರಿಗೆ ಏನನ್ನಿಸಬೇಕೋ ಅದೇ ಅನ್ನಿಸಿತು. ಗಂಡ ಪೊಲೀಸ್ ಸ್ಟೇಷನ್‌ಗೆ ಹೋಗೋಣ ಎಂದರು. ಅತ್ತೆ ನನ್ನನ್ನೇ ಒಂಥರಾ ನೋಡಿದರು.

ನನಗೂ ಪಿತ್ತ ನೆತ್ತಿಗೇರಿತ್ತು. ಚೆನ್ನಾಗಿ ಉಗಿಯೋಣ ಎಂದು ತಿರುಗಿ ಮಾಡಿದರೆ ಆಸಾಮಿ ಒಂದೇ ರಿಂಗಿಗೆ ಕಟ್ ಮಾಡುತ್ತಾನೆ. ದಿನಾ ಅವನು ಮಾಡೋದು, ನಾನು ತಿರುಗಿ ಮಾಡೋದು, ಅವನು ಕಟ್ ಮಾಡೋದು. ನಾನೂ ಬಿಡಲಿಲ್ಲ.

ಕಸ್ಟಮರ್ ಕೇರ್‌ಗೆ ದೂರು ಕೊಟ್ಟೆ. ಅಲ್ಲಿನ ಹುಡುಗಿ ಬಹಳ ಮರ್ಯಾದೆಯಿಂದ ಪಾಠ ಮಾಡಿದಳು. ಕಾಲ್ ಮೊದಲು ಅವನ ಹತ್ತಿರದ ಟವರ್ ಹಿಡಿಯುತ್ತದಂತೆ. ಅಲ್ಲಿಂದ ದೂರದ ಊರಿನ ದೊಡ್ಡ ಎಕ್ಸ್‌ಚೇಂಜಿಗೆ ಹೋಗಿ, ಈ ನಂಬರ್ ಈಗ ಯಾವ ಟವರಿನಡಿ ಇದೆ ಎಂದು ವಿಚಾರಿಸಿಕೊಂಡು, ನನ್ನನ್ನು ಹುಡುಕಿಕೊಂಡು ಬರುತ್ತದಂತೆ. ಎಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ. ಹಾಗಾಗಿ ನೆಟ್‌ವರ್ಕಿನಲ್ಲಿ ಯಾವ ದೋಷವೂ ಇಲ್ಲವಂತೆ.

ನಿಜವೇ. ಬಚ್ಚಲಮನೆಯಲ್ಲಿದ್ದರೂ ಬಿಡದೆ ಹುಡುಕುತ್ತಿತ್ತು ಪುಣ್ಯಾತ್ಮ.

ಎಂಟನೇ ದಿನ ತಿರುಗಿ ಮಾಡಿದಾಗ ಯಾರೋ ಎತ್ತಿದರು... ಹೆಂಗಸಿನ ದನಿ. ಯಾರ್ರೀ ನೀವು ಎಂದು ನಾನು ಜೋರು ಮಾಡಿದ್ದೇ ತಡ, ಆಕೆ ಫೋನ್ ಅತ್ತ ಹಿಡಿದು ಮನೆಯವರಿಗೆ ಹೇಳಿದಳು.

"ಮಾವಾ, ಮೋಟರ್ ಮಾತಾಡಾಕತ್ತೈತಿ."

ಆಮೇಲೆ ಬಿಡಿಸಿ ಹೇಳಿದಳು. ಊರು ಎಮ್ಮಿಗನೂರು, ಆಕೆ ಆ ಮನೆಯ ಸೊಸೆ. ಹೊಲದ ಬೋರಿನ ಸ್ಟಾರ್ಟರ್‌ಗೆ ಒಂದು ಸಿಮ್ ಹಾಕಿದ್ದರು. ಮನೆಯಿಂದ ಎರಡು ರಿಂಗ್ ಕೊಟ್ಟರೆ ಮೋಟರ್ ಚಾಲೂ. ಚಾಲೂ ಆಯಿತು ಎನ್ನಲು ಮೋಟರೇ ತಿರುಗಿ ಕಾಲ್ ಮಾಡುತ್ತದೆ, ಇವರು ಕಟ್ ಮಾಡಿ ಚಹಾ ಕುಡಿಯುತ್ತಾರೆ.

ಸುಗ್ಗಿ ಮುಗಿದ ಮೇಲೆ ಆ ಸಿಮ್‌ಗೆ ಯಾರೂ ರೀಚಾರ್ಜ್ ಮಾಡಿಸಿರಲಿಲ್ಲ. ಕಂಪನಿ ನಂಬರ್ ವಾಪಸ್ ಪಡೆದು ನನಗೆ ಮಾರಿದೆ. ನಾನೀಗ ಯಾವ ಟವರಿನಡಿ ಇದ್ದೇನೆ ಎಂಬುದು ಆ ಎಕ್ಸ್‌ಚೇಂಜಿಗೆ ಚೆನ್ನಾಗಿ ಗೊತ್ತು, ಮೊದಲು ಮೋಟರ್ ಆಗಿದ್ದೆ ಎಂಬುದು ಮಾತ್ರ ಗೊತ್ತಿಲ್ಲ.

ನಗು ತಡೆಯಲಾಗಲಿಲ್ಲ. ಜೋರಾಗಿಯೇ ನಕ್ಕೆ. ಆ ಕಡೆ ಯಾರೂ ನಗಲಿಲ್ಲ.

ಆಕೆಯ ಮಾವ ಭತ್ತದ ಸಸಿಮಡಿ ಹಾಕಿದ್ದರು. ಮೊದಮೊದಲು ಹೊಲಕ್ಕೆ ಹೋಗಿ ಕೈಯಾರೆ ಮೋಟರ್ ಹಾಕುತ್ತಿದ್ದವರು ಬಿದ್ದು ಕಾಲು ಮುರಿದುಕೊಂಡರು. ಅಂದಿನಿಂದ ಮಂಚದ ಮೇಲಿಂದಲೇ ದಿನಾ ನೀರು ಬಿಡುತ್ತಿದ್ದರು... ಅಂದರೆ, ನನಗೆ ರಿಂಗ್ ಕೊಡುತ್ತಿದ್ದರು. ಸೊಸೆ ತವರಿನಿಂದ ಬಂದದ್ದು ಹಿಂದಿನ ದಿನ.

ಆಕೆ ಹೊಲಕ್ಕೆ ಓಡಿದಳು. ಮಧ್ಯಾಹ್ನ ನಾನೇ ಮತ್ತೆ ಫೋನ್ ಮಾಡಿದೆ. ಈ ಸಲ ಆಕೆಯ ಮಾವನೇ ಎತ್ತಿದರು. ಮಡಿ ಪೂರಾ ಒಣಗಿದೆ, ಮತ್ತೆ ಬಿತ್ತಬೇಕು ಎಂದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ವಾಸಿಯಿತ್ತು.

"ತಿರುಗಿ ಫೋನ್ ಬರದಿದ್ರ ಅವತ್ತ ಯಾರನ್ನರ ಹೊಲಕ್ಕ ಕಳಿಸ್ತಿದ್ದೆ. ದಿನಾ ತಪ್ಪದ ಬರ್ತಿತ್ತಲ್ಲವ್ವಾ..."

ಬೈಯಲೆಂದೇ ನಾನು ಮಾಡಿದ ಅಷ್ಟೂ ಕಾಲ್‌ಗಳನ್ನು ಅವರು ನೀರು ಎಂದು ನಂಬಿದ್ದರು.