ಏಳನೆಯ ಪ್ರಶ್ನೆಯ ಶಾಂತವ್ವ

ನಮ್ಮ ಪ್ರಶ್ನಾವಳಿಯ ಏಳನೆಯ ಪ್ರಶ್ನೆಯಲ್ಲಿ ಒಂದು ಹೆಸರನ್ನು ಬದಲಿಸಲಾಗಿದೆ ಎಂದು ವಿಷಾದದಿಂದ ತಿಳಿಸುತ್ತೇನೆ.

ಜನ ಹೇಗೆ ತರ್ಕ ಮಾಡುತ್ತಾರೆ ಎಂದು ಅಳೆಯುವುದು ನನ್ನ ಕೆಲಸ. ಪ್ರಶ್ನೆಗಳು ಈ ಕಡೆಯವರಿಗೆ ಹತ್ತಿರವಾಗಿರಲಿ ಎಂದು ನಾನೇ ಬರೆದಿದ್ದೆ. ಯಲಬುರ್ಗಾ ಕಡೆಯ ಮಂಗಳೂರು ಎಂಬ ಹಳ್ಳಿಯಲ್ಲಿ ಟೇಲರ್ ವೀರಪ್ಪನ ಅಂಗಡಿಯಲ್ಲಿ ಕೂತು ಏಳನೆಯದನ್ನು ಓದಿದೆ: 'ಹುಲಿಗಿಗೆ ದೇವಿಯ ದರ್ಶನಕ್ಕೆ ಹೋದವರೆಲ್ಲ ಮರಳಿ ಬರುತ್ತಾರೆ. ಶಾಂತವ್ವ ಹುಲಿಗಿಗೆ ಹೋಗಿದ್ದಾಳೆ. ಆಕೆ ಬರುತ್ತಾಳೋ ಇಲ್ಲವೋ?'

ವೀರಪ್ಪ ಹೊಲಿಗೆ ಯಂತ್ರ ನಿಲ್ಲಿಸಿದ. 'ಆಕಿ ಹೆಸರು ನಿಮಗ ಯಾರು ಹೇಳಿದ್ರು?'

ಯಾರೂ ಹೇಳಿರಲಿಲ್ಲ, ಸುಮ್ಮನೆ ಹಾಕಿದ ಹೆಸರು. ರವಿಕೆ ಹೊಲಿಸಲು ಬಂದಿದ್ದ ಪಕ್ಕದ ಮನೆಯ ಅಜ್ಜಿ ನಕ್ಕಳು. 'ಇವನ ಹೇಣ್ತಿ ಹೆಸರ್ರಿ ಅದು. ಜಗಳಾಡಿ ಹುಲಿಗಿಗೆ ಹೋದಾಕಿ, ಅಲ್ಲಿಂದ ಹಂಗ ಗಂಗಾವತಿಗೆ ತವರಮನಿಗೆ ಹೋದ್ಲು. ಹೋಗಿ ಕರಕೊಂಡು ಬಾರೋ ಅಂದ್ರ, ಇಲ್ಲೇ ಕುಂತು ಬಸ್ ಕಾಯ್ತಾನ.'

ವೀರಪ್ಪ ನನ್ನನ್ನೇ ನೋಡುತ್ತಿದ್ದ. 'ಹೋದವರೆಲ್ಲ ಬರತಾರ ಅನ್ನೂದು ಖರೇ ಏನ್ರಿ ಸರ್?'

ಆ ಚರ್ಚೆಗೆ ನಮ್ಮ ನಿಯಮದಲ್ಲಿ ಅವಕಾಶವಿಲ್ಲ. 'ಖರೇ ಅಂತ ಇಟ್ಕೊಂಡು ಹೇಳ್ರಿ' ಎಂದೆ.

'ಹಂಗ ಇಟ್ಕೊಂಡ ಮೂರು ವರ್ಷ ಆತ್ರಿ.'

ರಸ್ತೆಯಲ್ಲಿ ಬಸ್ಸೊಂದು ನಿಂತು, ಇಬ್ಬರನ್ನು ಇಳಿಸಿ ಹೊರಟಿತು. ಅವನು ಆ ಇಬ್ಬರ ಮುಖವನ್ನೂ ನೋಡಿದ. ಆಮೇಲೆ ಮತ್ತೆ ಯಂತ್ರದ ಮೇಲೆ ಕೈಯಿಟ್ಟು ಹೇಳಿದ: 'ಬರಕೋರಿ. ಬರತಾಳ.'

ತರ್ಕದ ಪ್ರಕಾರ ಉತ್ತರ ಸರಿ. ಪೂರ್ತಿ ಅಂಕ ಕೊಟ್ಟೆ. ಶಾಂತವ್ವ ಗಂಗಾವತಿಯಲ್ಲಿದ್ದಾಳೆ.