ಬರಿಗಲ್ಲು ಬೀಸದ ಹಾಡಿನಕ್ಕ

ಜನ ಹಾಡುವವರ ಕೊರಳು ನೋಡುತ್ತಾರೆ. ನನಗೆ ಮಾತ್ರ ನಮ್ಮ ಓಣಿಯ ಹಾಡಿನಕ್ಕ ಅಂದರೆ ಮೊದಲು ನೆನಪಾಗುವುದು ಅವರ ಬಲಗೈ. ಮುಂಗೈ ತುಂಬ ಬಂಗಾರದ ಬಳೆ, ಅಂಗೈಯಲ್ಲಿ ಮಾತ್ರ ಕಲ್ಲು ಹೊತ್ತವರ ಹಾಗೆ ಜಡ್ಡು. ಚಹಾದ ಕಪ್ಪು ಕೊಡುವಾಗ ಆ ಕೈ ತಾಗಿದರೆ ಚುರ್ ಅನ್ನುತ್ತಿತ್ತು.

ಮೊದಲೆಲ್ಲ ಅವರು ಬಸುರಿಯರ ಕುಬಸ, ಮದುವೆಗಳಲ್ಲಿ ಹಾಡುತ್ತಿದ್ದವರು. ಒಂದು ರವಿಕೆ ಕಣ, ಉಡಿಯಲ್ಲಿ ಒಂದಿಷ್ಟು ಕೊಬ್ಬರಿ, ಅಷ್ಟೇ ಸಂಭಾವನೆ. ಮೆಣಸಗಿಯ ಮದುವೆಯೊಂದರಲ್ಲಿ ಹಾಡಿದ್ದನ್ನು ಯಾರೋ ಮೊಬೈಲಿನಲ್ಲಿ ಹಿಡಿದು ಬಿಟ್ಟರು ನೋಡಿ, ಅಲ್ಲಿಂದ ಅಕ್ಕನ ದೆಸೆ ತಿರುಗಿತು. ಸೊಲ್ಲಾಪುರದಿಂದ ಬೆಂಗಳೂರಿನತನಕ ಕಾರ್ಯಕ್ರಮ. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಮೊದಲ ಮಾಳಿಗೆ ಮನೆ ಎದ್ದದ್ದು ಅವರದೇ, ಮೊದಲ ಕಾರು ಬಂದದ್ದೂ ಅವರ ಬಾಗಿಲಿಗೇ. ಕಾರಿನ ಮುಂದಿನ ಸೀಟಿನಲ್ಲಿ ಹಾರ್ಮೋನಿಯಂ ಬೆಲ್ಟು ಹಾಕಿಕೊಂಡು ಕೂರುತ್ತಿತ್ತು, ಅಕ್ಕ ಹಿಂದೆ. ಕೇಳಿದರೆ, "ದುಡಿಯೋದು ಅದು. ನಾ ಬರೇ ಬಾಯಿ ತಗ್ಯಾಕಿ" ಅನ್ನುವರು.

ಹೊಸ ಮನೆಯ ಪಡಸಾಲೆಗೆ ಹಾಲಿನಂಥ ಮಾರ್ಬಲ್ ಹಾಕಿಸಿ, ನಟ್ಟನಡುವೆ ತಂದಿಟ್ಟದ್ದು ಅವರ ಅವ್ವನ ಬೀಸುಕಲ್ಲು. ನೆಲ ಹಾಕಿದ ಗವಂಡಿ ಅಳುವುದೊಂದು ಬಾಕಿ. "ಹಿತ್ತಲದಾಗ ಇಡ್ರಿ ಅಕ್ಕಾರ, ನೆಲ ಸೀಳತೈತಿ" ಅಂದ. "ಕಲ್ಲಿನ ಮ್ಯಾಲ ಕಲ್ಲು ಕುಂದರತೈತಿ, ನಿನಗೇನಾತು" ಅಂದರು ಅಕ್ಕ. ನೆಲ ಸೀಳಿತು. ಕಲ್ಲು ಕದಲಲಿಲ್ಲ.

ಯಾಕಂದರೆ ಕಲ್ಲು ತಿರುಗಿಸದೆ ಅಕ್ಕನಿಗೆ ಹೊಸ ಪದ ಹುಟ್ಟುತ್ತಿರಲಿಲ್ಲ. ಕಾಳು ಹಾಕದೆ ಬರಿಗಲ್ಲು ಬೀಸಬಾರದು ಅನ್ನುವುದು ಅವರ ಅವ್ವ ಹಾಕಿಕೊಟ್ಟ ಕಟ್ಟಳೆ. ಒಂಟಿ ಹೆಂಗಸಿನ ಮನೆಗೆ ಎಷ್ಟು ಹಿಟ್ಟು ಬೇಕು? ಹೀಗಾಗಿ ಓಣಿಯ ಹೆಂಗಸರೆಲ್ಲ ಜೋಳದ ಬುಟ್ಟಿ ಹೊತ್ತು ಅವರ ಮನೆಗೆ ನಡೆದರು. ಹಿಟ್ಟೂ ಪುಕ್ಕಟೆ, ಹೊಸ ಹಾಡೂ ಎಲ್ಲರಿಗಿಂತ ಮೊದಲು. ಯಾರು ಬಿಡುತ್ತಾರೆ?

ಅವರ ಮನೆಯ ಎದುರಿಗೇ ನನ್ನ ಹಿಟ್ಟಿನ ಗಿರಣಿ.

ಅಪ್ಪ ಬಿಟ್ಟುಹೋದದ್ದು ಅದೊಂದೇ. ಒಂದು ತಿಂಗಳು ನೊಣ ಹೊಡೆಯುತ್ತ ಕೂತೆ. ಗಿರಣಿ ಮಾರಿ ಮುಶಿಗೇರಿಗೆ, ಮಾವನ ಮನೆಗೆ ಹೋಗಿ ಬಿಡೋಣ ಅಂತ ಹೆಂಡತಿ ಗಂಟು ಕಟ್ಟಲು ಶುರುಮಾಡಿದಳು. ನನ್ನ ಸಿಟ್ಟು ಮೊದಲೇ ಮೂಗಿನ ತುದಿಯಲ್ಲಿರುವಂಥದ್ದು. ಒಂದು ಮುಂಜಾನೆ ಎದ್ದವನೇ ಸೀದಾ ಅವರ ಪಡಸಾಲೆಗೆ ನುಗ್ಗಿದೆ.

ಅಕ್ಕ ಬಳೆ ಬಿಚ್ಚಿ ಹಾರ್ಮೋನಿಯಂ ಮೇಲಿಟ್ಟು, ಒಂದು ಕಾಲು ಚಾಚಿ ಬೀಸುತ್ತಿದ್ದರು. ಮುಖ ಸಪ್ಪಗಿತ್ತು. ಹುಬ್ಬಳ್ಳಿಯಿಂದ ರೆಕಾರ್ಡಿಂಗಿನವರು ಎರಡು ಸಲ ಬಂದುಹೋದರೂ ಪದ ಕೂಡಿ ಬರುತ್ತಿರಲಿಲ್ಲವಂತೆ.

"ಬಾ ತಮ್ಮ. ಜೋಡಿಗೆ ಯಾರೂ ಇಲ್ಲ, ಗೂಟ ಹಿಡಿ" ಅಂದರು.

ಜಗಳಕ್ಕೆ ಹೋದವನು ಗೂಟ ಹಿಡಿದು ಕೂತೆ. ದೊಡ್ಡವರು ಹೇಳಿದಾಗ ಇಲ್ಲ ಅನ್ನಲು ಬರುವುದಿಲ್ಲ, ನನ್ನ ಹಣೆಬರಹ. ಹೊಟ್ಟೆಯಲ್ಲಿದ್ದ ಸಿಟ್ಟೆಲ್ಲ ಕೈಗೆ ಬಂದು ದಡದಡ ಎಳೆದೆ. ಅಕ್ಕ ಕಣ್ಣರಳಿಸಿದರು.

"ಹಂಗs ಎಳಿ. ನಿಲ್ಲಸಬ್ಯಾಡ. ಈ ನಡಿಗೀನೇ ನಾ ಹುಡುಕಾಕತ್ತಿದ್ದೆ."

ಅರ್ಧ ಬುಟ್ಟಿ ಜೋಳ ಮುಗಿಯುವುದರೊಳಗೆ ಪದ ಕೂಡಿತ್ತು. ಬೆವರು ಒರೆಸಿಕೊಳ್ಳುತ್ತ ಅವರು ಕೇಳಿದರು, "ಇಷ್ಟು ಸಿಟ್ಟು ಯಾರ ಮ್ಯಾಲೋ?"

"ನಿಮ್ಮ ಮ್ಯಾಲೇ ರಿ ಅಕ್ಕಾರ" ಅಂದೆ. "ನೀವು ಹಾಡು ಕಟ್ಟಾಕತ್ತೀರಿ, ನನ್ನ ಗಿರಣಿ ಮುಚ್ಚಾಕತ್ತೈತಿ."

ಅವರ ಕೈ ಗೂಟದ ಮೇಲೆಯೇ ನಿಂತಿತು. ಎದುರಿಗಿದ್ದ ಗಿರಣಿ ಅವರ ಲಕ್ಷ್ಯಕ್ಕೇ ಬಂದಿರಲಿಲ್ಲ. ಖರೇ ಹೇಳಬೇಕಂದರೆ, ಅಷ್ಟು ದೊಡ್ಡ ಹೆಂಗಸಿನ ಮುಖ ಅಷ್ಟು ಸಣ್ಣದಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಮರುದಿನ ನನ್ನ ಗಿರಣಿಯ ಮುಂದೆ ಬುಟ್ಟಿಗಳ ಸಾಲು. ಎಲ್ಲದರಲ್ಲೂ ಕಾಳಿನ ಬದಲು ಒಡೆದ ನುಚ್ಚು. "ನಾ ಬರೇ ಒಡದು ಕೊಡತೇನಿ, ಹಿಟ್ಟು ಗಿರಣ್ಯಾಗ ಹಾಕಿಸಿಕೊಳ್ರಿ ಅಂತ ಅಕ್ಕಾರ ಹೇಳ್ಯಾರ" ಅಂದರು ಹೆಂಗಸರು. ಒಬ್ಬ ಮುದುಕಿ, "ಚಲೋನs ಆತು ಬಿಡೋ. ಅಕ್ಕಾರ ಹಿಟ್ಟಿಗೆ ಜಿಗಿ ಇರತಿದ್ದಿಲ್ಲ, ರೊಟ್ಟಿ ಬಡದ್ರ ಹರೀತಿದ್ದುವು. ಹೇಳೋದು ಹ್ಯಾಂಗ?" ಅಂತ ನನ್ನ ಕಿವಿಯಲ್ಲಿ ಉಸುರಿದಳು. ಹೆಂಡತಿ ಕಟ್ಟಿದ ಗಂಟು ತಾನೇ ಬಿಚ್ಚಿದಳು.

ಸಿಟ್ಟಿನಲ್ಲಿ ಹುಟ್ಟಿದ ಆ ಪದ ಊರೂರು ಸುತ್ತಿತು. ಅಕ್ಕ ನರಗುಂದದ ವೇದಿಕೆಯಲ್ಲಿ ಅದನ್ನು ಹಾಡುವ ಮೊದಲು ಮೈಕಿನಲ್ಲಿ, "ಇದರ ತಾಳ ನಮ್ಮ ಗಿರಣಿ ತಮ್ಮಂದು. ಜಗಳಾಡಾಕ ಬಂದು ಕೊಟ್ಟುಹ್ವಾದ" ಅಂದುಬಿಟ್ಟರು. ಆಮೇಲೆ ರೋಣದ ಕಡೆಯವರೂ ಬಂದು ಗಿರಣಿಯ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುವರು. ನಾನೂ ಮೀಸೆ ಮೇಲೆ ಕೈ ಹಾಕಿಕೊಂಡು ನಿಲ್ಲುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಹೋದ ವರ್ಷ ಅಕ್ಕ ಹಾಸಿಗೆ ಹಿಡಿದಾಗ ನನ್ನನ್ನು ಕರೆಸಿದರು. "ಬಂಗಾರ, ಮನಿ, ಹೊಲಾ, ಎಲ್ಲಾಕ್ಕೂ ವಾರಸುದಾರರು ಅದಾರ. ಈ ಕಲ್ಲು ಒಂದು ನಿನ್ನ ಗಿರಣ್ಯಾಗ ಇಟ್ಕೋ ತಮ್ಮ. ಕರೆಂಟ್ ಹ್ವಾದಾಗ ಉಪಯೋಗ ಆಗತೈತಿ" ಅಂದು ನಕ್ಕರು. ನನಗೆ ನಗು ಬರಲಿಲ್ಲ. ಎಂಟು ದಿನಕ್ಕೆ ಹೋದರು.

ನಮ್ಮಲ್ಲಿ ಕರೆಂಟ್ ಹೋಗುವುದೇನು ಹೊಸದಲ್ಲ. ಮೊದಲು ಕರೆಂಟ್ ಹೋದರೆ ಹೆಂಗಸರು ನನ್ನನ್ನೇ ಬೈಯುತ್ತಿದ್ದರು. ಈಗ ಬಳೆ ಹಿಂದಕ್ಕೆ ಸರಿಸಿ, ಕಲ್ಲಿಗೆ ಒಂದು ಹಿಡಿ ಜೋಳ ಹಾಕಿ, ಇಬ್ಬರು ಗೂಟ ಹಿಡಿಯುತ್ತಾರೆ. ಉಳಿದವರು ಅಕ್ಕನ ಪದ ಎತ್ತಿಕೊಳ್ಳುತ್ತಾರೆ. ಕರೆಂಟ್ ಬಂದು ನಾನು ಗಿರಣಿ ಹಚ್ಚಲು ಎದ್ದರೆ, "ತಡೀರಿ, ಪದ ಮುಗೀಲಿ" ಅನ್ನುತ್ತಾರೆ.

ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡು ತಡೆಯುತ್ತೇನೆ.